ಅಜ್ಜಿಗೊಂದು ಕೀಲಿ

ಮಕ್ಕಳೇ, ಕೈ ನಡುಗುವ ಅಜ್ಜಿಗೆ ಮೌಸ್ ಹಿಡಿದು ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡುವುದು ಕಷ್ಟ. ಅವರಿಗಾಗಿ ಒಂದೇ ಕೀಲಿಯ ಹತ್ತಿರದ ದಾರಿ ಮಾಡಿಕೊಡೋಣವೇ?

ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುವ, ಲಿನಕ್ಸ್‌ನ ಉಚಿತ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ಇದು 1996ರಲ್ಲಿ ಶುರುವಾಯಿತು. ಇದರ ಲಾಂಛನ ಇಲಿ!

ಸೆಟ್ಟಿಂಗ್ಸ್‌ನಲ್ಲಿ ‘ಕೀಬೋರ್ಡ್’ ತೆರೆದು, ‘ಅಪ್ಲಿಕೇಶನ್ ಶಾರ್ಟ್‌ಕಟ್ಸ್’ಗೆ ಹೋಗಿ ‘ಆಡ್’ ಒತ್ತಿ. ‘ಕಮಾಂಡ್’ ಜಾಗದಲ್ಲಿ ಬೇಕಾದ ತಂತ್ರಾಂಶದ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಿರಿ. ಅಜ್ಜಿ ಪತ್ರ ಬರೆಯುವುದಾದರೆ ‘ಮೌಸ್‌ಪ್ಯಾಡ್’ ಎಂದು. ‘ಓಕೆ’ ಕೊಟ್ಟು, ಎಫ್8 ಕೀಲಿ ಒತ್ತಿದರೆ ಮುಗಿಯಿತು.

ಒಂಟಿ ಅಕ್ಷರದ ಕೀಲಿಯನ್ನು ಮಾತ್ರ ಆರಿಸಬೇಡಿ. ಆಮೇಲೆ ಆ ಅಕ್ಷರವೇ ಟೈಪ್ ಆಗದು! ಎಫ್8 ಮೇಲೆ ಬಣ್ಣದ ಚೀಟಿ ಅಂಟಿಸಿ. ಇನ್ನು ಪತ್ರ ಬರೆಯಲು ಅಜ್ಜಿ ಯಾರನ್ನೂ ಕೂಗಬೇಕಿಲ್ಲ.