ಕರುಳಿನ ಕಾವಲು, ಯಕೃತ್ತಿನ ಕ್ಷೇಮ

ಮದ್ಯಪಾನದಿಂದ ಯಕೃತ್ತು ಕೆಡುವುದೆಂಬುದನ್ನು ಅರಿಯದವರಿಲ್ಲ. ಆ ಕೇಡಿನ ಒಂದು ಪಾಲು ಕರುಳಿನ ಮಾರ್ಗವಾಗಿ ಬರುವುದೆಂಬುದು ಮಾತ್ರ ಬಹುಮಂದಿಗೆ ತಿಳಿಯದು.

ಅಚ್ಚಗನ್ನಡದಲ್ಲಿ ಈಲಿ ಎನಿಸಿಕೊಳ್ಳುವ ಈ ಅವಯವಕ್ಕೆ ಬಂದು ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು ಮೊದಲಾದ ಜೀರ್ಣಾಂಗಗಳನ್ನು ಹಾದು ಬಂದುದು. ಅದನ್ನು ತರುವ ಸಿರೆಗೆ ವೈದ್ಯರು ‘ಪೋರ್ಟಲ್’ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ‘ಪೋರ್ಟಾ’ ಎಂದರೆ ಬಾಗಿಲು. ಹೆಸರು ಅನ್ವರ್ಥವೇ ಆಗಿದೆ. ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಕೋಟ್ಯನುಕೋಟಿ. ಅವುಗಳಲ್ಲಿ ಕೆಲವು ಜಾತಿಯವುಗಳ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಿಷದ್ರವ್ಯವಿರುತ್ತದೆ. ಕರುಳಿನ ಒಳಪೊರೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವವರೆಗೆ ಆ ವಿಷವು ಸುಲಭವಾಗಿ ರಕ್ತವನ್ನು ಸೇರಲಾರದು. ಮದ್ಯಸಾರವೂ, ಅದು ವಿಘಟಿಸಿದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಸ್ತುವೂ ಈ ಹೆಣಿಗೆಯನ್ನು ಸಡಿಲಿಸುತ್ತವೆ. ಆಗ ವಿಷವು ಬಾಗಿಲ ಸಿರೆಯ ಮೂಲಕ ನೇರವಾಗಿ ಯಕೃತ್ತನ್ನು ಹೊಗುತ್ತದೆ. ಅಲ್ಲಿ ಕಾವಲಿರುವ ಕುಪ್ಫರ್ ಕೋಶಗಳು ಅದನ್ನೆದುರಿಸಲು ಉರಿಯೂತವನ್ನುಂಟುಮಾಡುವ ದ್ರವ್ಯಗಳನ್ನು ಸ್ರವಿಸುತ್ತವೆ. ಹಗೆಯನ್ನು ಸುಡಲೆಂದು ಹಚ್ಚಿದ ಕಿಚ್ಚು ಮನೆಗೇ ತಗುಲಿದಂತೆ, ಮದ್ಯಸಾರದಿಂದ ಮೊದಲೇ ಬಳಲಿದ ಯಕೃತ್ತು ಈ ಉರಿಯಿಂದ ಮತ್ತಷ್ಟು ನವೆಯುತ್ತದೆ.

ಸಡಿಲಗೊಂಡ ಈ ತಡೆಯನ್ನು ಭದ್ರಪಡಿಸಲು ಹಿತಕಾರಿ ಬ್ಯಾಕ್ಟೀರಿಯಗಳನ್ನೇ, ಎಂದರೆ ಪ್ರೋಬಯಾಟಿಕ್‌ಗಳನ್ನು, ಬಳಸಬಾರದೇಕೆ? 1994ರಲ್ಲಿ ಅಮೆರಿಕದ ಸಂಶೋಧಕರು ಮದ್ಯಸಾರವಿತ್ತ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ತಳಿಯನ್ನು ಉಣಿಸಿ ನೋಡಿದರು. ಅವುಗಳ ರಕ್ತದಲ್ಲಿ ಎಂಡೋಟಾಕ್ಸಿನ್ ತಗ್ಗಿತು. ಯಕೃತ್ತಿನ ಹಾನಿಯೂ ಕಡಮೆಯಾಯಿತು. 2008ರಲ್ಲಿ ಪ್ರಕಟವಾದ ರಷ್ಯದ ಅಧ್ಯಯನವೊಂದರಲ್ಲಿ ಕುಡಿತದಿಂದ ಆಸ್ಪತ್ರೆ ಸೇರಿದ್ದ 66 ಮಂದಿ ಪುರುಷರಿದ್ದರು. ಐದು ದಿನ ಇಂಥ ಬ್ಯಾಕ್ಟೀರಿಯಗಳನ್ನು ಸೇವಿಸಿದವರಲ್ಲಿ, ಯಕೃತ್ತಿನ ಹಾನಿಯನ್ನು ಸೂಚಿಸುವ ಕಿಣ್ವಗಳು ಉಳಿದವರಲ್ಲಿಗಿಂತ ಕೆಳಗಿಳಿದಿದ್ದುವು. ಆದರೆ ಎರಡು ಪಂಗಡದವರೂ ಆಗ ಕುಡಿತವನ್ನು ಬಿಟ್ಟಿದ್ದರೆಂಬುದನ್ನು ಮರೆಯಲಾಗದು. ಐದು ದಿನಗಳ ಅವಧಿಯೂ ಅತ್ಯಲ್ಪವೇ ಸರಿ.

ಹಾಗಾದರೆ ಮನೆಯ ಮೊಸರು ಸಾಲದೆ? ಪ್ರಯೋಗಗಳಲ್ಲಿ ಬಳಸಿದವು ಆಯ್ದ ತಳಿಗಳು, ಎಣಿಸಿ ಕೊಟ್ಟವು. ಮನೆಯ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳಾದರೋ ಗಡಿಗೆಯಿಂದ ಗಡಿಗೆಗೆ ಬೇರೆ. ಮೊಸರು ಉತ್ತಮ ಆಹಾರ; ಕುಡಿತಕ್ಕೆ ರಕ್ಷಾಕವಚವಲ್ಲ. ಯಕೃತ್ತಿನಲ್ಲಿ ಕೊಬ್ಬು ತುಂಬುವ ಮೊದಲ ಹಂತದಲ್ಲಿ ಕುಡಿತವನ್ನು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಗಡುಸಾಗಿ ಗಂಟುಗಟ್ಟುವ ಸಿರೋಸಿಸ್ ಹಂತವನ್ನು ಮುಟ್ಟಿದ ಮೇಲೆ ಪೂರ್ಣ ಚೇತರಿಕೆ ದುರ್ಲಭ. ಪ್ರೋಬಯಾಟಿಕ್‌ಗಳು ಈ ರೋಗಕ್ಕೆ ಸಿದ್ಧಚಿಕಿತ್ಸೆಯೆಂದು ಇನ್ನೂ ಅಂಗೀಕೃತವಾಗಿಲ್ಲ.

ಒಳಿತನ್ನು ಬೆಳೆಸುವಂತೆ ಕೆಡುಕನ್ನು ಕಳೆಯುವ ಯತ್ನವೂ ನಡೆದಿದೆ. ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯದ ಕೆಲವು ತಳಿಗಳು ಸ್ರವಿಸುವ ವಿಷವು ಮದ್ಯಜನ್ಯ ಯಕೃತ್ತಿನ ಉರಿಯೂತವನ್ನು ಉಲ್ಬಣಗೊಳಿಸುವುದೆಂದು 2019ರಲ್ಲಿ ಪ್ರಕಟವಾಯಿತು. ಆ ತಳಿಗಳನ್ನೇ ಹುಡುಕಿ ಕೊಲ್ಲುವ ವೈರಸ್ಸುಗಳನ್ನು ಚಿಟ್ಟಿಲಿಗಳಿಗೆ ಕೊಟ್ಟಾಗ ಅವುಗಳ ಯಕೃತ್ತಿನ ಹಾನಿ ತಗ್ಗಿತು.