ಊರಿನವನೆಂಬ ಹೊರೆ: ಟೊರಾಂಟೊ ಹಾಕಿಯ ಇಬ್ಬರು ಮಕ್ಕಳು

ತಮ್ಮ ನಡುವೆಯೇ ಹುಟ್ಟಿ ಬೆಳೆದ ಹುಡುಗನೊಬ್ಬ ತಮ್ಮದೇ ತಂಡದ ತಾರೆಯಾದರೆ ಅಭಿಮಾನಿಗಳ ಪ್ರೀತಿ ಇಮ್ಮಡಿಯಾಗುತ್ತದೆಂದು ನಿರೀಕ್ಷಿಸುವುದು ಸಹಜ. ಆದರೆ ಕೆನಡಾದ ಟೊರಾಂಟೊ ನಗರದ ಹಾಕಿ ಪ್ರೇಮಿಗಳು ಮಿಚ್ ಮಾರ್ನರ್ ಎಂಬ ಆಟಗಾರರೊಂದಿಗೆ 2016ರಿಂದ 2025ರವರೆಗೆ ಹೊಂದಿದ್ದ ಸಂಬಂಧವನ್ನು ಪರಿಶೀಲಿಸಿದರೆ, ಅಲ್ಲಿ ಪ್ರೀತಿ ಬೆಳೆದಷ್ಟೇ ವೇಗವಾಗಿ ಬಾಕಿಯ ಲೆಕ್ಕವೂ ಬೆಳೆಯುತ್ತ ಹೋದದ್ದು ಕಾಣುತ್ತದೆ. ಅದೇ ತಂಡದಲ್ಲಿ ಅದೇ ಅವಧಿಯಲ್ಲಿ ಆಡಿದ, ಅದೇ ಮಹಾನಗರದ ಇನ್ನೊಂದು ಅಂಚಿನಿಂದ ಬಂದ ಜಾನ್ ಟವಾರೆಸ್ ಅವರ ಕಥೆಯನ್ನು ಇದರ ಪಕ್ಕದಲ್ಲಿಟ್ಟಾಗ, ಊರಿನವರೆಂಬ ಕಾರಣಕ್ಕೆ ಆಟಗಾರರ ಮೇಲೆ ಬೀಳುವ ಹೊರೆ ಎಂಥದ್ದೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಕಿ ಎಂದೊಡನೆ ಕನ್ನಡ ಓದುಗರಿಗೆ ಕೊಡಗಿನ ಮೈದಾನಗಳೂ ಕೊಡವ ಕುಟುಂಬಗಳ ನಡುವಿನ ಪಂದ್ಯಾವಳಿಗಳೂ ನೆನಪಾಗುತ್ತವೆ. ಕೆನಡಾದಲ್ಲಾದರೋ ಆ ಹೆಸರು ಸಲ್ಲುವುದು ಹಿಮಗಟ್ಟಿದ ಅಂಕಣದ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿಗೆ. ಗೋಲ್‌ಕೀಪರ್ ಸೇರಿ ಆರು ಮಂದಿಯ ಎರಡು ತಂಡಗಳು ಪಕ್ ಎಂದು ಕರೆಯುವ ಗಟ್ಟಿ ರಬ್ಬರಿನ ಬಿಲ್ಲೆಗಾಗಿ ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ಸೆಣಸುತ್ತವೆ. ಅಮೆರಿಕ ಮತ್ತು ಕೆನಡಾಗಳ ವೃತ್ತಿಪರ ತಂಡಗಳು ಸೇರಿದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 32 ತಂಡಗಳಿದ್ದು, ಮಾರ್ನರ್ ಟೊರಾಂಟೊ ಪರ ಆಡಿದ ಕಾಲದಲ್ಲಿ ಪೂರ್ಣ ಋತುವೊಂದರಲ್ಲಿ ಪ್ರತಿ ತಂಡ 82 ಪಂದ್ಯಗಳನ್ನಾಡುತ್ತಿತ್ತು. ಅದರ ಬಳಿಕ 16 ತಂಡಗಳು ಪ್ಲೇಆಫ್ ಎಂಬ ನಾಕೌಟ್ ಹಂತವನ್ನು ಪ್ರವೇಶಿಸಿ, ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕನ್ನು ಗೆದ್ದವರು ಮುಂದಿನ ಸುತ್ತಿಗೆ ಹೋಗುವಂತೆ ನಾಲ್ಕು ಸುತ್ತುಗಳನ್ನು ದಾಟಿದರೆ ಸ್ಟಾನ್ಲಿ ಕಪ್ ದೊರೆಯುತ್ತದೆ. ಟೊರಾಂಟೊ ಮೇಪಲ್ ಲೀಫ್ಸ್ ತಂಡವು ಆ ಕಪ್ಪನ್ನು ಕೊನೆಯ ಬಾರಿ ಗೆದ್ದದ್ದು 1967ರಲ್ಲಿ. ಮುಂದಿನ ಎಲ್ಲ ಮಾತಿಗೂ ಈ ಇಸವಿಯೇ ಹಿನ್ನೆಲೆ, ಏಕೆಂದರೆ ಆ ಗೆಲುವನ್ನು ಕಣ್ಣಾರೆ ಕಂಡವರು ಮೊಮ್ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ಯುವ ವಯಸ್ಸನ್ನೂ ದಾಟಿದ್ದಾರೆ.

ಮಾರ್ನರ್ 1997ರಲ್ಲಿ ಟೊರಾಂಟೊಕ್ಕೆ ಹೊಂದಿಕೊಂಡ ಮಾರ್ಕಮ್‌ನಲ್ಲಿ ಹುಟ್ಟಿ, ಹತ್ತಿರದ ಥಾರ್ನ್‌ಹಿಲ್‌ನಲ್ಲಿ ಬೆಳೆದವರು. ಮಕ್ಕಳ ಹಾಕಿ ಆ ಪ್ರದೇಶದಲ್ಲಿ ದೊಡ್ಡ ವ್ಯವಸ್ಥೆಯಾಗಿದ್ದು, ಬೆಳಗಿನ ಜಾವದ ಅಭ್ಯಾಸ, ದುಬಾರಿ ಸಲಕರಣೆ, ವಾರಾಂತ್ಯದ ಪ್ರಯಾಣ ಎಂದು ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಹಣವನ್ನೂ ಸಮಯವನ್ನೂ ಅದಕ್ಕೆ ಸುರಿಯುತ್ತವೆ. ಹಾಗೆ ತಯಾರಾದ ಹುಡುಗರಲ್ಲಿ ವೃತ್ತಿಪರ ಮಟ್ಟ ಮುಟ್ಟುವವರೇ ಬೆರಳೆಣಿಕೆಯಷ್ಟು, ಮುಟ್ಟಿದವರೂ ತವರಿನ ತಂಡಕ್ಕೆ ಸೇರುವರೆಂಬ ಖಾತ್ರಿಯಿಲ್ಲ, ಏಕೆಂದರೆ ಹೊಸ ಆಟಗಾರರನ್ನು ತಂಡಗಳು ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಆಟಗಾರನಿಗೆ ಅಲ್ಲಿ ಆಯ್ಕೆಯಿಲ್ಲ. 2015ರ ಡ್ರಾಫ್ಟ್‌ನಲ್ಲಿ ನಾಲ್ಕನೆಯ ಸರದಿ ಲೀಫ್ಸ್ ತಂಡದ್ದಾಗಿತ್ತು, ಅವರು ಕರೆದ ಹೆಸರು ಮಾರ್ನರ್ ಅವರದಾಗಿತ್ತು. ಈ ಕಾಕತಾಳೀಯವನ್ನು ನಗರವು ಭಾಗ್ಯವೆಂದೇ ಬಗೆದು ಸಂಭ್ರಮಿಸಿತು.

ಮಾರ್ನರ್ ಅವರ ಆಟದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ತಕರಾರಿನ ಒಂದು ಬೇರು ಅಲ್ಲಿದೆ. ಅಂಕಣದ ಪಕ್ಕದಿಂದ ದಾಳಿ ಕಟ್ಟುವ ಆಟಗಾರನನ್ನು ವಿಂಗರ್ ಎನ್ನುತ್ತಾರೆ. ಮಾರ್ನರ್ ತಾವೇ ಗೋಲು ಹೊಡೆಯುವುದಕ್ಕಿಂತ ಇತರರಿಂದ ಹೊಡೆಸುವುದರಲ್ಲಿ ನಿಪುಣರಾದ ವಿಂಗರ್. ಐಸ್ ಹಾಕಿಯಲ್ಲಿ ಗೋಲಿಗೆ ಮುನ್ನ ಪಕ್ ಒದಗಿಸಿದ ಇಬ್ಬರವರೆಗೆ ಅಸಿಸ್ಟ್ ಎಂಬ ಹೆಸರಿನಲ್ಲಿ ಶ್ರೇಯ ಸಲ್ಲುತ್ತದೆ, ಗೋಲು ಮತ್ತು ಅಸಿಸ್ಟ್ ಎರಡಕ್ಕೂ ಒಂದೊಂದು ಪಾಯಿಂಟ್ ಇರುತ್ತದೆ. ಈ ಲೆಕ್ಕದಲ್ಲಿ ಮಾರ್ನರ್ 2018–19ರಲ್ಲಿ 94, 2022–23ರಲ್ಲಿ 99, 2024–25ರಲ್ಲಿ 102 ಪಾಯಿಂಟ್ ಗಳಿಸಿದರು. 2022ರಲ್ಲಿ ಸತತ 23 ಪಂದ್ಯಗಳಲ್ಲಿ ಪಾಯಿಂಟ್ ಪಡೆದು ತಂಡದ ದಾಖಲೆಯನ್ನು ತಮ್ಮದಾಗಿಸಿಕೊಂಡರು. ಒಂಬತ್ತು ಋತುಗಳ 657 ಪಂದ್ಯಗಳಲ್ಲಿ ಅವರು ಕೂಡಿಹಾಕಿದ 741 ಪಾಯಿಂಟ್‌ಗಳು ಅವರನ್ನು ತಂಡದ ಸಾರ್ವಕಾಲಿಕ ಪಟ್ಟಿಯ ಮೇಲಿನ ಸಾಲಿಗೆ ಒಯ್ದವು, ಮತ್ತು ಎದುರಾಳಿಯಿಂದ ಪಕ್ ಕಸಿಯುವ ರಕ್ಷಣಾ ಕೌಶಲದಲ್ಲಿಯೂ ಅವರು ಲೀಗ್‌ನ ಉತ್ತಮರ ಸಾಲಿನಲ್ಲಿದ್ದರು. ನೂರು ವರ್ಷ ಮೀರಿದ ಇತಿಹಾಸದ ತಂಡವೊಂದಕ್ಕೆ ಇಂಥ ಆಟಗಾರ ನೆರೆಯ ಬೀದಿಯಿಂದ ದೊರೆತದ್ದು ಅಪರೂಪದ ಸಂಗತಿ.

ಮನಸ್ಸುಗಳು ಮೊದಲು ಕದಡಿದ್ದು 2019ರ ಬೇಸಿಗೆಯಲ್ಲಿ, ಹಣದ ಮಾತಿನಿಂದ. ಲೀಗ್‌ನಲ್ಲಿ 2005ರಿಂದ ವೇತನ ಮಿತಿ ಎಂಬ ನಿಯಮ ಜಾರಿಯಲ್ಲಿದೆ: ಎಷ್ಟೇ ಶ್ರೀಮಂತ ತಂಡವಾದರೂ ಆಟಗಾರರೆಲ್ಲರ ವೇತನದ ಒಟ್ಟು ಮೊತ್ತ ನಿಗದಿತ ಮಿತಿಯನ್ನು ಮೀರುವಂತಿಲ್ಲ, ಆದುದರಿಂದ ಒಬ್ಬರಿಗೆ ಹೆಚ್ಚು ಸಂದರೆ ಇತರರ ಪಾಲು ಅಷ್ಟೇ ಕುಗ್ಗುತ್ತದೆ. ತನ್ನ ಊರಿನ ತಂಡಕ್ಕಾಗಿ ಮಾರುಕಟ್ಟೆಯ ಬೆಲೆಗಿಂತ ತುಸು ಕಡಿಮೆಗೆ ಸಹಿ ಹಾಕುವ ರೂಢಿಯನ್ನು ಅಲ್ಲಿನವರು ಹೋಂಟೌನ್ ಡಿಸ್ಕೌಂಟ್ ಎನ್ನುತ್ತಾರೆ. ಮಾರ್ನರ್ ಅಂಥ ರಿಯಾಯಿತಿ ಕೊಟ್ಟೇ ಕೊಡುತ್ತಾರೆಂದು ನಗರ ನಂಬಿತ್ತು. ಮಾತುಕತೆ ಬೇಸಿಗೆಯುದ್ದಕ್ಕೂ ಎಳೆದು, ಸೆಪ್ಟೆಂಬರ್ ಮಧ್ಯದಲ್ಲಿ ಮುಗಿದಾಗ ಹೊರಬಿದ್ದ ಅಂಕಿ ವರ್ಷಕ್ಕೆ ಸರಾಸರಿ 1.0893 ಕೋಟಿ ಡಾಲರ್, ಆರು ವರ್ಷಗಳ ಅವಧಿಗೆ. ತಂಡದ ತಾರೆಯರಾದ ಮ್ಯಾಥ್ಯೂಸ್, ಟವಾರೆಸ್, ನೈಲಾಂಡರ್ ಮತ್ತು ಮಾರ್ನರ್, ಈ ನಾಲ್ವರ ವೇತನವೇ ಸುಮಾರು 4.05 ಕೋಟಿ ಡಾಲರ್ ಆಗಿ, ಆ ವರ್ಷದ 8.15 ಕೋಟಿ ಡಾಲರ್ ಮಿತಿಯ ಅರ್ಧವನ್ನು ಹೆಚ್ಚುಕಡಿಮೆ ನುಂಗಿತು. ಮಿತಿಯು ವರ್ಷದಿಂದ ವರ್ಷಕ್ಕೆ ಏರುತ್ತದೆಂಬ ಅಂದಾಜಿನ ಮೇಲೆ ನಿಂತಿದ್ದ ಈ ಏರ್ಪಾಡು ಕೋವಿಡ್ ಬಂದು ಲೀಗ್‌ನ ಆದಾಯ ಕುಸಿದೊಡನೆ ಸಿಕ್ಕಿಬಿದ್ದಿತು. ಎರಡು ಋತು ಮಿತಿ ಅಲುಗಲೇ ಇಲ್ಲ, ಆಮೇಲೂ ತೀರ ನಿಧಾನವಾಗಿ ಏರಿತು. ಮಹಾಮಾರಿಗೆ ಮಾರ್ನರ್ ಹೊಣೆಯಲ್ಲ, ತಂಡದ ಆಡಳಿತವೇ ಒಪ್ಪಿ ಸಹಿ ಹಾಕಿದ ಒಪ್ಪಂದ ಅದು; ಆದರೂ ಅಂದಿನಿಂದ ಅವರ ಪ್ರತಿಯೊಂದು ತಪ್ಪು ಪಾಸನ್ನೂ ಜನ ಆ ಅಂಕಿಯಿಂದಲೇ ಅಳೆದರು.

ಅಸಮಾಧಾನ ಸಿಟ್ಟಾಗಿ ಬೆಳೆದದ್ದು ಪ್ಲೇಆಫ್‌ಗಳಲ್ಲಿ. 2017ರಿಂದ 2025ರವರೆಗೆ ಲೀಫ್ಸ್ ಪ್ರತಿ ವರ್ಷವೂ ಅಂತಿಮ ಹಂತದ ಸರಣಿಗಳಿಗೆ ಬಂದರು, ಆಡಿದ ಹನ್ನೊಂದು ಸರಣಿಗಳಲ್ಲಿ ಎರಡನ್ನು ಮಾತ್ರ ಗೆದ್ದರು. ಅವುಗಳಲ್ಲಿ ಏಳು ಸರಣಿಗಳು ಕೊನೆಯ ನಿರ್ಣಾಯಕ ಪಂದ್ಯದವರೆಗೆ ಹೋದವು, ಏಳನ್ನೂ ಟೊರಾಂಟೊ ಸೋತಿತು. 2021ರಲ್ಲಿ ಮಾಂಟ್ರಿಯಲ್ ಎದುರು 3–1ರ ಮುನ್ನಡೆ ಕೈಯಲ್ಲಿದ್ದೂ ಸೋತದ್ದು ಅಭಿಮಾನಿಗಳಿಗೆ ಇಂದಿಗೂ ಮಾಯದ ನೋವು. ಮಾರ್ನರ್ ಈ ಅವಧಿಯ 70 ಪ್ಲೇಆಫ್ ಪಂದ್ಯಗಳಲ್ಲಿ 63 ಪಾಯಿಂಟ್ ಗಳಿಸಿದರು, ಆದರೆ ಅವುಗಳಲ್ಲಿ ಗೋಲುಗಳು 13 ಮಾತ್ರ, ನಿರ್ಣಾಯಕ ಪಂದ್ಯಗಳಲ್ಲಂತೂ ಒಂದೂ ಇಲ್ಲ. ಪ್ಲೇಆಫ್‌ನಲ್ಲಿ ಮೈಗೆ ಮೈ ತಾಗಿಸುವ ಆಟ ಹೆಚ್ಚಾಗಿ, ರೆಫರಿಗಳ ಸೀಟಿ ಕಡಿಮೆಯಾಗಿ, ಪಾಸಿನ ದಾರಿಗಳು ಮುಚ್ಚಿಹೋಗುವುದರಿಂದ ಜಾಗ ಹುಡುಕಿ ಆಡುವ ಮಾರ್ನರ್ ಅಂಥವರಿಗೆ ಕಷ್ಟ ಹೆಚ್ಚು ಎಂಬ ಟೀಕೆಯಲ್ಲಿ ಹುರುಳಿದೆ.

ಆದರೆ ಅದೇ ಏಳು ನಿರ್ಣಾಯಕ ಪಂದ್ಯಗಳಲ್ಲಿ ತಂಡದ ಅತಿ ದೊಡ್ಡ ಗೋಲುಗಾರ, ಅಮೆರಿಕದ ಅರಿಜೋನಾದಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್ ಕೂಡ ಒಂದು ಗೋಲನ್ನೂ ಹೊಡೆಯಲಿಲ್ಲ. ಮಾರ್ನರ್‌ಗಿಂತ ಹೆಚ್ಚು ವೇತನ ಪಡೆಯುತ್ತಿದ್ದ ಅವರ ಮೇಲೆಯೂ ದೂರುಗಳಿದ್ದವು, ಆದರೆ ಅವು ಆ ತೀವ್ರತೆಯನ್ನು ಮುಟ್ಟಲಿಲ್ಲ. ಒಂದೇ ಋತುವಿನಲ್ಲಿ 69 ಗೋಲು ಹೊಡೆದವರಿಗೆ ಸಿಗುವ ವಿನಾಯಿತಿ ಪಾಸು ಕೊಡುವವರಿಗೆ ಸಿಗದೆಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಆಳದ್ದು: ಮ್ಯಾಥ್ಯೂಸ್ ಹೊರಗಿನಿಂದ ಬಂದು ಕೆಲಸ ಮಾಡುವ ನಿಪುಣರು, ಅವರಿಂದ ಜನ ಬಯಸಿದ್ದು ಒಳ್ಳೆಯ ಆಟವನ್ನು, ಮಾರ್ನರ್ ಮಾತ್ರ 1967ರ ಬರವನ್ನು ಬಾಲ್ಯದಿಂದಲೇ ಬಲ್ಲವರು, ಆದ್ದರಿಂದ ಅವರು ತಮ್ಮಷ್ಟೇ ನೊಂದುಕೊಳ್ಳಬೇಕು, ತಮ್ಮಂತೆಯೇ ತ್ಯಾಗಕ್ಕೆ ಸಿದ್ಧರಿರಬೇಕು ಎಂದು ಜನ ಬಯಸಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಊರಿನವರನ್ನು ಕಡೆಗಣಿಸುವ ಗುಣವನ್ನು ಹೇಳುತ್ತದೆ. ಟೊರಾಂಟೊದಲ್ಲಿ ಆದದ್ದು ಅದರ ತಿರುಗುಮುರುಗು, ಹಿತ್ತಲ ಗಿಡವೇ ಎಲ್ಲ ರೋಗಕ್ಕೂ ಮದ್ದಾಗಬೇಕೆಂಬ ಹಟ. ಇದೇ ಮಾರ್ನರ್ 2025ರ ಫೆಬ್ರುವರಿಯಲ್ಲಿ ನಾಲ್ಕು ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಕೆನಡಾ ಪರ ಸ್ವೀಡನ್ ವಿರುದ್ಧ ಹೆಚ್ಚುವರಿ ಅವಧಿಯ ಗೆಲುವಿನ ಗೋಲು ಹೊಡೆದು, ಫೈನಲ್‌ನಲ್ಲಿ ಅಮೆರಿಕದ ವಿರುದ್ಧ ಕಾನರ್ ಮೆಕ್‌ಡೇವಿಡ್ ಅವರ ಗೆಲುವಿನ ಗೋಲಿಗೆ ಪಾಸು ಕೊಟ್ಟಾಗ ಇಡೀ ದೇಶ ಕುಣಿಯಿತು. ಒತ್ತಡದಲ್ಲಿ ಅವರು ಕುಸಿಯುತ್ತಾರೆಂಬ ಸರಳ ತೀರ್ಪನ್ನು ಈ ಸಂಗತಿಯಾದರೂ ಸಡಿಲಿಸಬೇಕಿತ್ತು.

ಟವಾರೆಸ್ ಅವರ ದಾರಿ ಬೇರೆ. 1990ರಲ್ಲಿ ಮಿಸ್ಸಿಸಾಗಾದಲ್ಲಿ ಹುಟ್ಟಿ ಓಕ್‌ವಿಲ್‌ನಲ್ಲಿ ಬೆಳೆದ ಅವರು 2009ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಸೇರಿ, ಅಲ್ಲಿ ನಾಯಕರಾಗಿ, 2018ರ ಜುಲೈ 1ರಂದು ಏಳು ವರ್ಷಗಳಿಗೆ 7.7 ಕೋಟಿ ಡಾಲರ್ ಒಪ್ಪಂದದೊಡನೆ ಊರಿಗೆ ಮರಳಿದರು. ಲೀಫ್ಸ್ ಲಾಂಛನದ ಹಾಸಿಗೆ ಹೊದಿಕೆಯಲ್ಲಿ ಮಲಗಿದ್ದ ತಮ್ಮ ಬಾಲ್ಯದ ಚಿತ್ರವೊಂದನ್ನು ಅವರು ಅಂದು ಹಂಚಿಕೊಂಡಾಗ ಟೊರಾಂಟೊ ಕರಗಿಹೋಯಿತು. ನ್ಯೂಯಾರ್ಕ್‌ನಲ್ಲಿ ಅದೇ ಚಿತ್ರ ದ್ರೋಹದ ಸಾಕ್ಷ್ಯವಾಯಿತು, 2019ರ ಫೆಬ್ರುವರಿಯಲ್ಲಿ ಅವರು ಎದುರಾಳಿಯಾಗಿ ಅಲ್ಲಿಗೆ ಹೋದಾಗ ಹಳೆಯ ಅಭಿಮಾನಿಗಳು ಪಂದ್ಯದುದ್ದಕ್ಕೂ ಹೀಯಾಳಿಸಿದರು. ಟೊರಾಂಟೊದ ಪ್ರೀತಿಯೂ ಸ್ಥಿರವಾಗಿ ಉಳಿಯಲಿಲ್ಲ. ವೇಗ ತಗ್ಗಿದೆ, ಸಂಬಳ ಅತಿಯಾಗಿದೆ ಎಂಬ ದೂರು ಹಲವು ವರ್ಷ ನಡೆಯಿತು. 2023ರ ಏಪ್ರಿಲ್ 29ರಂದು ಟ್ಯಾಂಪಾದಲ್ಲಿ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು, 2004ರ ನಂತರ ತಂಡಕ್ಕೆ ಮೊದಲ ಸರಣಿ ಗೆಲುವು ತಂದವರು ಅವರೇ ಎಂಬುದನ್ನು ಮರೆತವರೂ ಇದ್ದರು. 2024ರ ಆಗಸ್ಟ್‌ನಲ್ಲಿ ನಾಯಕತ್ವವನ್ನು ಮ್ಯಾಥ್ಯೂಸ್‌ಗೆ ಬಿಟ್ಟುಕೊಟ್ಟು, ಮುಂದಿನ ಋತುವಿನಲ್ಲಿ 34ರ ವಯಸ್ಸಿನಲ್ಲಿ 38 ಗೋಲು ಹೊಡೆದು, 2025ರ ಜೂನ್ ಕೊನೆಯಲ್ಲಿ ವರ್ಷಕ್ಕೆ ಕೇವಲ 43.8 ಲಕ್ಷ ಡಾಲರ್‌ಗೆ ಮತ್ತೆ ನಾಲ್ಕು ವರ್ಷ ಒಪ್ಪಿಕೊಂಡಾಗ ದೂರುಗಳೆಲ್ಲ ಒಮ್ಮೆಗೇ ಇಳಿದವು. ಊರು ಕೇಳುತ್ತಿದ್ದ ರಿಯಾಯಿತಿ ಕೊನೆಗೂ ಸಂದಾಯವಾಗಿತ್ತು.

ಅದೇ ವಾರ ಮಾರ್ನರ್ ಹೊರಟರು. ಆ ವರ್ಷದ ಎರಡನೆಯ ಸುತ್ತಿನಲ್ಲಿ ಫ್ಲೋರಿಡಾ ವಿರುದ್ಧ ಮೊದಲ ಎರಡು ಪಂದ್ಯಗಳನ್ನು ಗೆದ್ದ ತಂಡ, ಮೇ 18ರ ಏಳನೆಯ ಪಂದ್ಯವನ್ನು ತವರಿನಲ್ಲೇ 6–1ರಿಂದ ಸೋತಾಗ ಪ್ರೇಕ್ಷಕರು ತಮ್ಮ ಜೆರ್ಸಿಗಳನ್ನು ಬಿಚ್ಚಿ ಅಂಕಣಕ್ಕೆ ಎಸೆದಿದ್ದರು. ಆಮೇಲಿನ ದಿನಗಳಲ್ಲಿ ಮನೆಗೆ ಕಾವಲು ಇರಿಸಿಕೊಳ್ಳಬೇಕಾಯಿತೆಂದು ಮಾರ್ನರ್ ಸ್ವತಃ ಹೇಳಿದ್ದಾರೆ. ಆಟಗಾರನ ಕುಟುಂಬ ತನ್ನ ಊರಲ್ಲೇ ಅಂಜಿ ಬದುಕಬೇಕಾಗುವುದನ್ನು ಅಭಿಮಾನದ ಅತಿರೇಕವೆಂದು ಕರೆದು ಸುಮ್ಮನಾಗುವಂತಿಲ್ಲ, ಅದು ನೇರವಾಗಿ ಖಂಡನೀಯ. ಮಾರ್ನರ್ ಅವರ ಒಪ್ಪಂದದಲ್ಲಿ ಅವರ ಸಮ್ಮತಿಯಿಲ್ಲದೆ ಬೇರೆ ತಂಡಕ್ಕೆ ಕಳುಹಿಸಬಾರದೆಂಬ ಷರತ್ತಿತ್ತು. ಮಾರ್ಚ್‌ನಲ್ಲಿ ಕೆರೊಲಿನಾ ತಂಡಕ್ಕೆ ಹೋಗುವ ಪ್ರಸ್ತಾಪವನ್ನು ಅವರು ಒಪ್ಪಲಿಲ್ಲವೆಂದು ವರದಿಯಾಗಿತ್ತು. ಕೊನೆಗೆ ಎಂಟು ವರ್ಷಗಳಿಗೆ 9.6 ಕೋಟಿ ಡಾಲರ್ ಒಪ್ಪಂದದೊಡನೆ ಅವರು ವೇಗಸ್ ಗೋಲ್ಡನ್ ನೈಟ್ಸ್ ಸೇರಿದರು, ಬದಲಿಗೆ ಟೊರಾಂಟೊಕ್ಕೆ ದೊರೆತದ್ದು ನಿಕೋಲಾ ರುವಾ ಎಂಬ ಒಬ್ಬ ಆಟಗಾರ ಮಾತ್ರ. ವೇಗಸ್ ಇರುವ ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ, ಒಂಟಾರಿಯೊದಲ್ಲಿ ಮೇಲ್ಮಟ್ಟದ ಆದಾಯದ ಮೇಲಿನ ಒಟ್ಟು ತೆರಿಗೆ ಅರ್ಧಕ್ಕಿಂತಲೂ ಹೆಚ್ಚು. ಹೋದದ್ದಕ್ಕೆ ಇದೊಂದೇ ಕಾರಣವಲ್ಲದಿದ್ದರೂ ಲೆಕ್ಕದಲ್ಲಿ ಇದೂ ಇರುತ್ತದೆ.

ಆಟಗಾರ ಹೀಗೆ ವರ್ಗಾವಣೆಯನ್ನು ನಿರಾಕರಿಸುವುದು ಟೊರಾಂಟೊಕ್ಕೆ ಹೊಸದಲ್ಲ. ಸ್ವೀಡನ್ನಿನ ಮ್ಯಾಟ್ಸ್ ಸುಂದಿನ್ 2008ರಲ್ಲಿ ನಾಯಕರಾಗಿದ್ದಾಗ ಅಂಥದೇ ಷರತ್ತನ್ನು ಹಿಡಿದು ವರ್ಗಾವಣೆಗೆ ಒಪ್ಪದೆ, ತಂಡದ ಪುನರ್ನಿರ್ಮಾಣಕ್ಕೆ ಅಡ್ಡಿಯಾದರೆಂಬ ಕೋಪಕ್ಕೆ ಗುರಿಯಾಗಿದ್ದರು. ಆದರೆ 2009ರ ಫೆಬ್ರುವರಿಯಲ್ಲಿ ಅವರು ವ್ಯಾಂಕೂವರ್ ಆಟಗಾರರಾಗಿ ಮರಳಿದಾಗ ಕ್ರೀಡಾಂಗಣವಿಡೀ ಎದ್ದುನಿಂತು ಚಪ್ಪಾಳೆ ತಟ್ಟಿ ಅವರ ಕಣ್ಣು ತೇವಗೊಳಿಸಿತು. ಪರದೇಶದಿಂದ ಬಂದವರೊಡನೆ ಲೆಕ್ಕ ಒಂದು ವರ್ಷದಲ್ಲಿ ಚುಕ್ತಾ ಆಗುತ್ತದೆ, ಥಾರ್ನ್‌ಹಿಲ್‌ನ ಹುಡುಗನೊಡನೆ ಅದಕ್ಕೆ ಹೆಚ್ಚು ಕಾಲ ಹಿಡಿಯುವುದು ಆಶ್ಚರ್ಯವಲ್ಲ.

ಟೊರಾಂಟೊದ ಉತ್ತರಕ್ಕಿರುವ ರಿಚ್ಮಂಡ್ ಹಿಲ್‌ನಲ್ಲಿ, ಮಾರ್ನರ್ ಹುಟ್ಟಿದ ವರ್ಷದಲ್ಲೇ ಹುಟ್ಟಿದ ಮೆಕ್‌ಡೇವಿಡ್ ತಮ್ಮ ಪೀಳಿಗೆಯ ಶ್ರೇಷ್ಠ ಆಟಗಾರರೆಂದು ಹೆಸರಾಗಿದ್ದು, ಎಡ್ಮಂಟನ್ ತಂಡಕ್ಕೆ ಆಡುತ್ತಿದ್ದಾರೆ. ಅವರು ಒಂದಲ್ಲ ಒಂದು ದಿನ ಊರಿಗೆ ಬರುವರೆಂಬ ಆಸೆ ಲೀಫ್ಸ್ ಅಭಿಮಾನಿಗಳಲ್ಲಿ ಬಹುಕಾಲದಿಂದ ಇದೆ. 2025ರ ಅಕ್ಟೋಬರ್‌ನಲ್ಲಿ ಅವರು ಎಡ್ಮಂಟನ್‌ನಲ್ಲೇ ಮತ್ತೆರಡು ವರ್ಷ, ಅಂದರೆ 2028ರವರೆಗೆ ಉಳಿಯಲು ಒಪ್ಪಿದರು, ಅದೂ ವರ್ಷಕ್ಕೆ 1.25 ಕೋಟಿ ಡಾಲರ್‌ಗೆ. ಆ ಹೊತ್ತಿಗಾಗಲೇ ಮಿನೆಸೋಟದ ಕಿರಿಲ್ ಕಪ್ರಿಜೋವ್ ವರ್ಷಕ್ಕೆ 1.7 ಕೋಟಿ ಡಾಲರ್‌ನ ಒಪ್ಪಂದ ಪಡೆದಿದ್ದರಿಂದ, ಮೆಕ್‌ಡೇವಿಡ್ ಬಿಟ್ಟುಕೊಟ್ಟ ಮೊತ್ತ ಸಣ್ಣದಲ್ಲ. ಟೊರಾಂಟೊ ತನ್ನ ಮಕ್ಕಳಿಂದ ಬಯಸುತ್ತಿದ್ದ ರಿಯಾಯಿತಿಯನ್ನು ಅದರ ನೆರೆಯ ಊರಿನವರೊಬ್ಬರು, ಕಪ್ ಗೆಲ್ಲುವ ಸಾಧ್ಯತೆ ತಮ್ಮ ಕಣ್ಣಿಗೆ ಹತ್ತಿರ ಕಂಡ ಕಡೆ, ಮೂರು ಪ್ರಾಂತಗಳಾಚೆಯ ನಗರಕ್ಕೆ ಕೊಟ್ಟರು.