ಕ್ರಿಯಾಪದದ ನಡುವಣ ಅಕ್ಷರ

ಸುರಪುರದ ಪೇಟೆಯಲ್ಲಾಗಲಿ, ಶಹಾಪುರದ ಬಸ್ ನಿಲ್ದಾಣದಲ್ಲಾಗಲಿ, ಯಾದಗಿರಿಯಲ್ಲಿ ರೈಲಿಗಾಗಿ ಕಾದು ನಿಂತ ಮಂದಿಯ ನಡುವೆಯಾಗಲಿ ‘ಮಾಡುತ್ತಾನೆ’ ಎಂಬ ಗ್ರಾಂಥಿಕ ರೂಪವು ಇಡಿಯಾಗಿ ಕಿವಿಗೆ ಬೀಳುವುದು ಅಪೂರ್ವ. ಅಲ್ಲಿ ಕೇಳಿಬರುವುದು ‘ಮಾಡ್ತಾನ’. ನಾಲ್ಕು ಅಕ್ಷರಗಳು ಮೂರಾಗಿ, ಛಂದಶ್ಶಾಸ್ತ್ರದ ಲೆಕ್ಕದಂತೆ ಏಳು ಮಾತ್ರೆಗಳು ಐದಕ್ಕಿಳಿಯುವ ಈ ಸಂಕೋಚವನ್ನು ಉಚ್ಚಾರಣೆಯ ಆಲಸ್ಯವೆಂದು ಹೀಗಳೆಯುವ ಪಂಡಿತಂಮನ್ಯರುಂಟು. ಆಲಸ್ಯಕ್ಕೆ ಇಷ್ಟು ಕಟ್ಟುನಿಟ್ಟಾದ ನಿಯಮವಿರುವುದನ್ನು ನಾನಂತೂ ಕಾಣೆ.

ಕನ್ನಡದಲ್ಲಿ ಒತ್ತು ಇಂಗ್ಲಿಷಿನಲ್ಲಿರುವಷ್ಟು ತೀವ್ರವಲ್ಲ. ಆದರೂ ಇರುವಷ್ಟು ಒತ್ತು ಸಾಮಾನ್ಯವಾಗಿ ಪದದ ಆದ್ಯಕ್ಷರದ ಮೇಲೆ ಬೀಳುವುದರಿಂದ ಅದು ಅಚಲವಾಗಿ ನಿಂತು, ನಡುವಣ ಹ್ರಸ್ವಸ್ವರವು ಸವೆದುಹೋಗುತ್ತದೆ. ‘ಬರುತ್ತಾಳೆ’ ಎಂಬುದು ‘ಬರ್ತಾಳ’ ಆಗುವಾಗ ಅಳಿಯುವುದು ನಡುವಣ ಉಕಾರವೇ ಹೊರತು ಮೊದಲಿನ ಅಕಾರವಲ್ಲ. ಇದಕ್ಕಿಂತ ಸೊಗಸಾದ ನಿದರ್ಶನ ‘ಮಾಡ್ಲಕತ್ತಾನ’. ‘ಮಾಡಲಿಕ್ಕೆ ಹತ್ತಿದ್ದಾನೆ’ ಎಂಬ ಎರಡು ಪದಗಳ ಎಂಟು ಅಕ್ಷರಗಳು ಇಲ್ಲಿ ಒಂದೇ ಉಸಿರಿನ ಐದು ಅಕ್ಷರಗಳಾಗಿ ಬೆಸೆದುಕೊಂಡಿವೆ. ‘ಬಸ್ಸು ಹತ್ತಿದ’ ಎನ್ನುವಾಗ ಭದ್ರವಾಗಿರುವ ಹಕಾರವು, ಆದಿಸ್ಥಾನ ತಪ್ಪಿದೊಡನೆ ಇಲ್ಲವಾಗಿದೆ. ಧಾರವಾಡದ ಕಡೆಯವರು ಇದನ್ನೇ ‘ಮಾಡಾಕತ್ತಾನ’ ಎಂದು ಬೇರೊಂದು ಬಗೆಯಲ್ಲಿ ಬೆಸೆದಿದ್ದಾರೆ.

ಫ್ರೆಂಚ್ ಭಾಷೆಯ ನಡೆ ಇದಕ್ಕೆ ವಿಪರೀತವಾದುದು. ಅಲ್ಲಿ ಒತ್ತು ಬೀಳುವುದು ಪದಗುಚ್ಛದ ಕಡೆಯ ಅಕ್ಷರದ ಮೇಲೆ. ‘ಕೊಳ್ಳುವುದು’ ಎಂಬರ್ಥದ ಅವರ ಕ್ರಿಯಾಪದವು ಬರೆಹದಲ್ಲಿ ಮೂರು ಅಕ್ಷರಗಳದಾದರೂ, ನಡುವಣ ಎಕಾರ ಲೋಪವಾಗಿ ‘ಅಶ್‌ತೆ’ ಎಂದೇ ಉಚ್ಚಾರಗೊಳ್ಳುತ್ತದೆ. ಆದರೆ ‘ನಾನು ಕೊಳ್ಳುತ್ತೇನೆ’ ಎನ್ನುವಲ್ಲಿ ಪ್ರತ್ಯಯವು ಮೂಕವಾಗಿ, ಒತ್ತು ಹಿಂದೆ ಸರಿದು ಧಾತುವಿನ ಮೇಲೆ ನಿಲ್ಲುವುದರಿಂದ, ಲೋಪವಾಗಿದ್ದ ಸ್ವರವೇ ಮರುಹುಟ್ಟು ಪಡೆದು ‘ಜಶೆತ್’ ಎಂದಾಗುತ್ತದೆ. ನಮ್ಮವರು ತಲೆಯನ್ನು ಕಾಯುತ್ತಾರೆ, ಅವರು ಬಾಲವನ್ನು. ಎರಡೆಡೆಯೂ ಬಲಿಯಾಗುವುದು ನಡುವಿನದು.

ಅಕ್ಷರವನ್ನು ಲಿಪಿಯಿಂದಲ್ಲದೆ ಕಿವಿಯಿಂದ ಅಳೆಯುವುದು ನಮ್ಮ ಪ್ರಾಚೀನರಿಗೂ ತಿಳಿದಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಿಥಿಲದ್ವಿತ್ವವನ್ನು ವಿವೇಚಿಸಿದ್ದಾನೆ: ‘ಅಮರ್ದು’ ಎಂಬಂಥ ರೂಪದಲ್ಲಿ ಒತ್ತಕ್ಷರವು ಕಣ್ಣಿಗೆ ಕಂಡರೂ, ಉಚ್ಚಾರಣೆ ಸಡಿಲವಾದುದರಿಂದ ಅದರ ಹಿಂದಣ ಅಕ್ಷರವು ಗುರುವಾಗದೆ ಲಘುವಾಗಿಯೇ ಉಳಿಯಬಹುದು.

ಸುರಪುರ-ಯಾದಗಿರಿ ಸೀಮೆಯ ಅಕ್ಷರಮಿತವ್ಯಯವು ಮರ್ಯಾದೆಯ ಮಾತಿಗೂ ವ್ಯಾಪಿಸಿದೆ. ‘ಬರ್ತೀನಿ’ ಎಂಬುದಕ್ಕೆ ಗೌರವಸೂಚಕವಾದ ‘ರಿ’ ಸೇರಿದಾಗ ಅಕ್ಷರಗಳು ನಾಲ್ಕಾಗಬೇಕಿತ್ತು. ಆದರೆ ಹಿಂದಣ ಇಕಾರವು ಹಿರಿಯರಿಗೆ ಎದ್ದು ಜಾಗ ಬಿಟ್ಟಂತೆ ಸರಿದುಹೋಗಿ, ‘ಬರ್ತೀನ್ರಿ’ ಎಂದು ಮತ್ತೆ ಮೂರೇ ಅಕ್ಷರಗಳು ಉಳಿಯುತ್ತವೆ.